ಬೊಟಾಕ್ಸ್‌ನ ಇನ್ನೊಂದು ಕೆಲಸ
ಮುಖದ ಸುಕ್ಕು ಅಳಿಸಲು ಹಣೆಗೆ ಚುಚ್ಚುವ ಬೊಟಾಕ್ಸ್, ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಜಾಗದಲ್ಲೂ ಕೆಲಸಕ್ಕೆ ಬರುತ್ತದೆ. ಗುದದ್ವಾರದ ಒಳಪದರ ಸೀಳಿದರೆ ಅಲ್ಲಿನ ಸ್ನಾಯು ಬಿಗಿದುಕೊಂಡು ರಕ್ತಸಂಚಾರ ತಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಬೊಟಾಕ್ಸ್ ಎಂದರೆ ಕೆಟ್ಟ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷ; ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದರೆ ಅದು ಆ ಸ್ನಾಯುವನ್ನು ಸುಮಾರು 3 ತಿಂಗಳು ಸಡಿಲವಾಗಿಡುತ್ತದೆ. ರೋಮ್‌ನ ವೈದ್ಯರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದನ್ನು ಚುಚ್ಚಿಸಿಕೊಂಡ 15 ಮಂದಿಯಲ್ಲಿ 11 ಜನರ ಗಾಯ 2 ತಿಂಗಳ ಬಳಿಕ ವಾಸಿಯಾಗಿತ್ತು. ಬರೀ ಉಪ್ಪುನೀರು ಪಡೆದ 15 ಮಂದಿಯಲ್ಲಿ ಇಬ್ಬರದು ಮಾತ್ರ. ಸ್ನಾಯುವನ್ನೇ ತುಸು ಕತ್ತರಿಸುವ ಶಸ್ತ್ರಚಿಕಿತ್ಸೆ ಇದಕ್ಕಿಂತ ಖಚಿತ, ಆದರೆ ಅದರಿಂದ ಮಲದ ಹಿಡಿತ ತಪ್ಪಿದರೆ ಕೆಲವರಿಗೆ ಅದು ಕಾಯಂ ಪಾಡು. ಚುಚ್ಚುಮದ್ದಿನಲ್ಲಿ ಆ ತೊಂದರೆ ಸಾಮಾನ್ಯವಾಗಿ ತಾತ್ಕಾಲಿಕ. ಬಿರುಕು ಮರುಕಳಿಸಿದರೆ ಮತ್ತೊಮ್ಮೆ ಚುಚ್ಚಲೂಬಹುದು.