ಡಬ್ಬಿಯೊಳಗಿನ ಕಸ ಯಾರದು?

ಜಿಯೋಕ್ಯಾಶಿಂಗ್ ಆಡುವವರ ನಡುವೆ ಒಂದು ಹಳೇ ಜಗಳ ಇದೆ. ಹುಡುಕಿ ಹುಡುಕಿ ಡಬ್ಬಿ ಸಿಕ್ಕಿತು, ಮುಚ್ಚಳ ತೆಗೆದಿರಿ, ಒಳಗೆ ನೋಡಿದರೆ ಒದ್ದೆ ಕಾಗದ, ಕುತ್ತಿಗೆ ಮುರಿದ ಪ್ಲಾಸ್ಟಿಕ್ ಗೊಂಬೆ, ಯಾವುದೋ ಅಂಗಡಿಯ ಅವಧಿ ಮುಗಿದ ಕೂಪನ್. ಇದನ್ನೆಲ್ಲ ತೆಗೆದುಕೊಂಡು ಬಂದು ಕಸದ ಬುಟ್ಟಿಗೆ ಹಾಕಬಹುದಾ? ಅಥವಾ "ನಮ್ಮ ಡಬ್ಬಿ ಅಲ್ಲ, ನಮಗ್ಯಾಕೆ" ಅಂತ ಮುಚ್ಚಿಟ್ಟು ಬರಬೇಕಾ? ನಾನು ಮೊದಲನೇ ಪಕ್ಷದವನು. ಯಾಕೆ ಅಂತ ಹೇಳ್ತೀನಿ, ಆಮೇಲೆ ನೀವು ಬೈಯಬಹುದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಎಲ್ಲೋ ಒಂದು ಕಡೆ, ಪಾರ್ಕಿನ ಮರದ ಬುಡದಲ್ಲೋ ಬಂಡೆಯ ಸಂದಿಯಲ್ಲೋ, ಒಂದು ಡಬ್ಬಿ ಇಟ್ಟು ಅದರ ಅಕ್ಷಾಂಶ-ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಡಬೇಕು. ಡಬ್ಬಿ ದೊಡ್ಡದಿದ್ದರೆ ಅದರಲ್ಲಿ ಸಣ್ಣಪುಟ್ಟ ಸಾಮಾನು ಇರುತ್ತೆ. ನಿಮಗೆ ಇಷ್ಟವಾದದ್ದು ಒಂದು ತಗೊಳ್ಳಿ, ಅದಕ್ಕೆ ಸಮನಾದದ್ದೋ ಅದಕ್ಕಿಂತ ಒಳ್ಳೆಯದೋ ಒಂದನ್ನು ಇಡಿ. ನಿಯಮ ಇಷ್ಟು. ಅಂದಹಾಗೆ ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ, ಬಚ್ಚಿಟ್ಟ ಗಂಟು. ನಮ್ಮ ಸಾಫ್ಟ್‌ವೇರ್ ಮಂದಿ ಕ್ಯಾಶ್ ಮೆಮರಿ ಅಂತೀವಲ್ಲ, ಆ ಕ್ಯಾಶ್. ಅದರಲ್ಲೂ ಹಳಸಿದ ಮಾಲು ಉಳಿದುಕೊಂಡರೆ ಏನಾಗುತ್ತೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ :-)

ನಾನಿರುವ ಪೋರ್ಟ್‌ಲ್ಯಾಂಡ್‌ಗೆ ಈ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಯಾಕಂದ್ರೆ ಆಟ ಹುಟ್ಟಿದ್ದೇ ಇಲ್ಲಿ ಹತ್ತಿರದ ಬೀವರ್‌ಕ್ರೀಕ್ ಬಳಿ. 2000ದ ಮೇ ತಿಂಗಳ ಆರಂಭದವರೆಗೂ ಜನಸಾಮಾನ್ಯರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಅಮೆರಿಕ ಸರ್ಕಾರ ಬೇಕಂತಲೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ತೋರಿಸಬಹುದಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಅದನ್ನು ನಿಲ್ಲಿಸಿದ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಒಂದು ಕಪ್ಪು ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರ್, ವಿಡಿಯೋ, ಒಂದಿಷ್ಟು ದುಡ್ಡು, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಹಾಕಿ ಕಾಡಂಚಿನಲ್ಲಿಟ್ಟು ಜಾಗವನ್ನು ಯೂಸ್‌ನೆಟ್‌ನಲ್ಲಿ ಪ್ರಕಟಿಸಿದರು. ಏನಾದರೂ ತಗೊಳ್ಳಿ, ಏನಾದರೂ ಬಿಟ್ಟುಹೋಗಿ ಅನ್ನುವ ಷರತ್ತು ಅವತ್ತಿನಿಂದಲೇ ಇದೆ. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದಿದ್ದರು. ಇವತ್ತು ಇಂಥ ಡಬ್ಬಿಗಳು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಇವೆ.

ಆ ಮೊದಲ ಬಕೆಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬೀನ್ಸ್! ಇವತ್ತಿನ ನಿಯಮದ ಪ್ರಕಾರ ತಿನ್ನುವ ಪದಾರ್ಥ ಇಡುವ ಹಾಗೇ ಇಲ್ಲ. ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನು ಕಚ್ಚಿ ಹಾಕುತ್ತವೆ. ಅಂದರೆ ಮೊದಲನೇ ನಿಧಿಯ ಒಳಗೇ, ಇಂದಿನ ಲೆಕ್ಕದಲ್ಲಿ, ಮೊದಲನೇ ಕಸವೂ ಇತ್ತು. ಆ ಬೀನ್ಸ್ ಡಬ್ಬಿ ಆಮೇಲೆ ಸಿಕ್ಕಿ, ಈಗ ಅದಕ್ಕೆ ಒಂದು ನಂಬರ್ ಕೊಟ್ಟು ಗೌರವದಿಂದ ನೋಡಿಕೊಳ್ಳುತ್ತಾರೆ, ಅದು ಬೇರೆ ಮಾತು.

ಸರಿ, "ಸಮನಾದದ್ದು ಇಡಿ" ಅನ್ನುವ ಒಳ್ಳೇ ನಿಯಮ ಇದ್ದೂ ಡಬ್ಬಿಗಳು ಯಾಕೆ ಕಸದ ಬುಟ್ಟಿ ಆಗ್ತವೆ? ಜನ ಕಳ್ಳರು, ಅದಕ್ಕೇ ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಕಳ್ಳತನ ಬೇಕಾಗೇ ಇಲ್ಲ, ಸಾಧಾರಣ ಒಳ್ಳೆಯವರೇ ಸಾಕು. ನಮ್ಮ ವಸ್ತುವಿಗೆ ನಾವು ಯಾವಾಗಲೂ ಸ್ವಲ್ಪ ಜಾಸ್ತಿ ಬೆಲೆ ಕಟ್ಟುತ್ತೀವಿ, ಎದುರಿನದಕ್ಕೆ ಸ್ವಲ್ಪ ಕಮ್ಮಿ. ಒಂದು ಲೆಕ್ಕ ಹಾಕೋಣ. ಡಬ್ಬಿಯಲ್ಲಿ ಐದು ಡಾಲರಿನ ಒಂದು ಆಟಿಕೆ ಇದೆ ಅಂತಿಟ್ಟುಕೊಳ್ಳಿ. ಪ್ರತಿಯೊಬ್ಬರೂ ತಗೊಂಡದ್ದರ 90 ಪರ್ಸೆಂಟ್ ಬೆಲೆಯದ್ದನ್ನು ಪ್ರಾಮಾಣಿಕವಾಗಿ ವಾಪಸ್ ಇಟ್ಟರು. ಇಪ್ಪತ್ತು ಅದಲು-ಬದಲು ಆದ ಮೇಲೆ ಉಳಿಯುವುದು ಸುಮಾರು 60 ಸೆಂಟಿನ ಮಾಲು. ನಲವತ್ತು ಆದ ಮೇಲೆ 7 ಸೆಂಟ್! ಯಾರೂ ಮೋಸ ಮಾಡಿಲ್ಲ, ಆದರೂ ಡಬ್ಬಿ ದಿವಾಳಿ.

ಮೇಲಾಗಿ, ಒಳ್ಳೆಯದನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ, ಮುರಿದ ಗೊಂಬೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಕೆಟ್ಟ ಹಣ ಒಳ್ಳೆ ಹಣವನ್ನು ಚಲಾವಣೆಯಿಂದ ಓಡಿಸುತ್ತೆ ಅಂತ ಅರ್ಥಶಾಸ್ತ್ರದಲ್ಲಿ ಗ್ರೆಶಮ್ ನಿಯಮ ಅಂತಾರಲ್ಲ, ಅದೇ ಇದು. ಹರಿದ ನೋಟು ಕೈಗೆ ಬಂದರೆ ನಾವು ಏನು ಮಾಡ್ತೀವಿ? ಜನ ತುಂಬಿದ ಬಸ್ಸಲ್ಲಿ ಕಂಡಕ್ಟರ್ ಕೈಗೆ ಮಡಿಸಿ ಕೊಡ್ತೀವಿ, ಅಲ್ಲೂ ನಡೀಲಿಲ್ಲ ಅಂದ್ರೆ ದೇವರ ಹುಂಡಿ ಇದ್ದೇ ಇದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಬ್ಲೌಸ್ ಪೀಸ್! ವರಮಹಾಲಕ್ಷ್ಮಿ ಹಬ್ಬದ ತಾಂಬೂಲದಲ್ಲಿ ಬಂದದ್ದು ಗೌರಿ ಹಬ್ಬದಲ್ಲಿ ಇನ್ನೊಬ್ಬರ ಮನೆಗೆ, ಅಲ್ಲಿಂದ ನವರಾತ್ರಿಗೆ ಮತ್ತೊಬ್ಬರ ಮನೆಗೆ. ಹೊಲಿಸುವವರು ಯಾರೂ ಇಲ್ಲ. ಕೆಲವು ಬ್ಲೌಸ್ ಪೀಸುಗಳು ನನಗಿಂತ ಹೆಚ್ಚು ಊರು ನೋಡಿರಬೇಕು. ನಮ್ಮಮ್ಮ ಮಾತ್ರ ವರ್ಷಕ್ಕೊಂದು ಸಲ ಬೀರು ತೆಗೆದು, ಬಣ್ಣ ಹೋದವನ್ನೆಲ್ಲ ಆರಿಸಿ ದಿಂಬಿನ ಕವರಿಗೋ ಒರೆಸುವ ಬಟ್ಟೆಗೋ ಹಾಕಿಬಿಡುತ್ತಾರೆ. "ಇದನ್ನ ಇನ್ನೊಬ್ಬರಿಗೆ ಕೊಟ್ಟರೆ ನನಗೇ ನಾಚಿಕೆ" ಅಂತ. ಸುತ್ತುತ್ತಿರುವ ಕಸವನ್ನು ಯಾರಾದರೂ ಒಬ್ಬರು ನಿಂತು ಸುತ್ತಿನಿಂದ ಹೊರಗೆ ತೆಗೀಬೇಕು. ನಿಯಮದಲ್ಲಿ ಬರೆದಿಲ್ಲ ಅಂತ ಕಾಯ್ತಾ ಕೂತರೆ ಯಾರೂ ತೆಗೆಯಲ್ಲ.

ಇಷ್ಟಕ್ಕೂ ಇದರಲ್ಲಿ ಯಾರಿಗೇನು ನಷ್ಟ ಅಂತ ಕೇಳಬಹುದು. ನಮ್ಮಂಥ ದೊಡ್ಡವರಿಗೆ ಏನೂ ಇಲ್ಲ. ನಮಗೆ ಹೆಸರು ಬರೆದು ಬಂದರೆ ಸಾಕು. ಒಳಗಿನ ಸಾಮಾನು ಇರುವುದೇ ಮಕ್ಕಳಿಗೆ. ಕಳೆದ ವಸಂತದಲ್ಲಿ ಸಿಯಾಟಲ್‌ನಿಂದ ಅಕ್ಕ ಬಂದಿದ್ದಾಗ ಅವಳ ಆರು ವರ್ಷದ ಮಗಳನ್ನು ಕರಕೊಂಡು ಹೋಗಿದ್ದೆ. ಒಂದು ಮೈಲಿ ಕೆಸರಲ್ಲಿ ಕಾಲು ನೋವು ಅನ್ನದೆ ನಡೆದಳು. ನಿಧಿ ಅಂತ ಹೇಳಿದ್ದೆನಲ್ಲ! ಡಬ್ಬಿ ಅವಳಿಗೇ ಸಿಕ್ಕಿತು, ಅವಳೇ ತೆಗೆದಳು. ಒಳಗೆ ಒಂದಂಗುಲ ನೀರು, ಬೂಷ್ಟು ಹಿಡಿದ ಕಾಗದದ ಮುದ್ದೆ, ತುಂಡು ಕ್ರೇಯಾನ್, ಒಂದು ಗಾಲ್ಫ್ ಚೆಂಡು. ಸ್ವಲ್ಪ ಹೊತ್ತು ನೋಡಿ, "ಮಾಮ, ಯಾರೋ ಕಸ ಬಚ್ಚಿಟ್ಟಿದ್ದಾರೆ" ಅಂದಳು. ವಾಪಸ್ ಬರುವಾಗ ಅವಳನ್ನು ಎತ್ತಿಕೊಂಡೇ ಬರಬೇಕಾಯ್ತು. ಇನ್ನೊಂದು ಸಲ ಹೋಗೋಣ ಅಂದರೆ "ನೀನೇ ಹೋಗು" ಅನ್ನುತ್ತಾಳೆ. ಒಂದು ಮಗುವಿಗೆ ಕಾಡಿನ ಮೇಲೆ ಆಸೆ ಹುಟ್ಟಿಸುವ ಅವಕಾಶ ಹೀಗೆ ಹೋಗುತ್ತೆ ನೋಡಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಈಗ ಎದುರು ಪಕ್ಷದವರ ವಾದ. ಅವರದ್ದೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. "ಡಬ್ಬಿ ಇಟ್ಟವರು ಒಬ್ಬರಿದ್ದಾರೆ, ನೋಡಿಕೊಳ್ಳುವ ಜವಾಬ್ದಾರಿ ಅವರದ್ದು. ಮೇಲಾಗಿ ಕಸ ಯಾವುದು ಅಂತ ತೀರ್ಮಾನ ಮಾಡೋಕೆ ನೀನ್ಯಾರು? ನಿನಗೆ ಬರೀ ಕಲ್ಲು ಅನ್ನಿಸಿದ್ದು ಒಂದು ಮಗು ಹೊಳೆಯಲ್ಲಿ ಆರಿಸಿ ಇಟ್ಟದ್ದಿರಬಹುದು."

ಎರಡನೇ ಮಾತು ಖಂಡಿತ ನಿಜ. ಅದಕ್ಕೇ ನನ್ನದೊಂದು ಗೆರೆ ಇದೆ. ಒದ್ದೆಯಾಗಿ ಕೊಳೆತದ್ದು, ಮುರಿದದ್ದು, ತುಕ್ಕು ಹಿಡಿದು ಕೈ ಕೊಯ್ಯುವಂಥದ್ದು, ಸೋರುವಂಥದ್ದು, ತಿನ್ನುವಂಥದ್ದು, ಘಮ ಬರುವಂಥದ್ದು, ಜಾಹೀರಾತು ಚೀಟಿ, ಚಾಕು, ಬೆಂಕಿಪೊಟ್ಟಣ, ಲೈಟರ್: ಇವು ಹೊರಗೆ, ಯೋಚನೆ ಮಾಡುವುದೇ ಬೇಡ. ಚಾಕು, ಬೆಂಕಿ ಸಾಮಾನಂತೂ ಮಕ್ಕಳ ಕೈಗೆ ಸಿಗುವ ಡಬ್ಬಿಯಲ್ಲಿ ಇರಲೇಬಾರದು. ಇನ್ನು ಗಟ್ಟಿಮುಟ್ಟಾಗಿದ್ದು, ನನಗೆ ಬೇಡ ಅನ್ನಿಸಿದ್ದು ಮಾತ್ರ ಇದ್ದರೆ ಅದನ್ನು ಮುಟ್ಟುವುದಿಲ್ಲ. ಕಲ್ಲು ಇರಲಿ, ಗಾಲ್ಫ್ ಚೆಂಡೂ ಒರೆಸಿಟ್ಟರೆ ಇರಲಿ. ಬೇಸರ ತರಿಸುವುದು ಬೇರೆ, ಕೆಟ್ಟಿರುವುದು ಬೇರೆ.

ಇನ್ನೊಂದು ಎಚ್ಚರಿಕೆ. ಎಸೆಯುವ ಮುಂಚೆ ಆ ಹಳೇ ಗೊಂಬೆಗೆ ಸಣ್ಣ ಲೋಹದ ಬಿಲ್ಲೆ, ಅದರ ಮೇಲೆ ನಂಬರ್ ಇದೆಯಾ ನೋಡಿ. ಇದ್ದರೆ ಅದು ಟ್ರಾವೆಲ್ ಬಗ್, ಡಬ್ಬಿಯಿಂದ ಡಬ್ಬಿಗೆ ಪ್ರಯಾಣ ಮಾಡಲಿಕ್ಕೆ ಯಾರೋ ಕಳಿಸಿರುವುದು. ನಂಬರ್ ಹೊತ್ತ ಜಿಯೋಕಾಯಿನ್‌ಗಳೂ ಹಾಗೆಯೇ. ಅವು ಅದಲು-ಬದಲಿನ ಸಾಮಾನಲ್ಲ, ಮನೆಗೆ ಒಯ್ದು ಇಟ್ಟುಕೊಳ್ಳಲಿಕ್ಕೂ ಅಲ್ಲ. ಎಷ್ಟೇ ಕೊಳಕಾಗಿದ್ದರೂ ಮುಂದಿನ ಡಬ್ಬಿಗೆ ದಾಟಿಸಬೇಕು.

ಇನ್ನು ಮೊದಲನೇ ವಾದ, ಜವಾಬ್ದಾರಿ ಇಟ್ಟವರದ್ದು ಅನ್ನುವುದು. ಹೌದು, ಡಬ್ಬಿ ಒಡೆದಿದ್ದರೆ, ಪುಸ್ತಕ ತುಂಬಿದ್ದರೆ ಬದಲಾಯಿಸಬೇಕಾದವರು ಅವರೇ. ಆದರೆ ಅವರು ಆರು ತಿಂಗಳಿಗೊಮ್ಮೆ ಬರಬಹುದು. ನಡುವೆ ಹತ್ತಾರು ಜನ ನಾವು ಬಂದುಹೋಗುತ್ತೇವೆ. ಇಲ್ಲಿಯ ಮಳೆಗಾಲದಲ್ಲಿ ಒಂದು ಒದ್ದೆ ಕಾಗದ ಸಾಕು, ಇಡೀ ಡಬ್ಬಿಗೆ ಬೂಷ್ಟು ಹಿಡಿಯೋಕೆ. ನಾನು ಕಸ ತೆಗೆದರೆ ಆನ್‌ಲೈನ್ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತೇನೆ: ಇಂತಿಂಥದ್ದು ತೆಗೆದೆ, ಇಂತಿಂಥದ್ದು ಇಟ್ಟೆ, ಮುಚ್ಚಳದ ರಬ್ಬರ್ ಸಡಿಲ ಆಗಿದೆ ನೋಡಿ ಅಂತ. ಕದ್ದು ಮಾಡುವುದಲ್ಲ, ಹೇಳಿ ಮಾಡುವುದು. ಪ್ರೋಗ್ರಾಮ್ ಬರೆಯುವಾಗ ಇನ್ನೊಬ್ಬರ ಕೋಡನ್ನು ಬಂದಾಗಿನದಕ್ಕಿಂತ ಸ್ವಲ್ಪ ಚೊಕ್ಕಟ ಮಾಡಿ ಬಿಟ್ಟು, ಏನು ಮಾಡಿದೆ ಅಂತ ಬರೆದಿಡುತ್ತೇವಲ್ಲ, ಅದೇ ಪದ್ಧತಿ.

ತಮಾಷೆ ಏನು ಗೊತ್ತಾ? ಇದೇ ಆಟದವರಲ್ಲಿ 2002ರಿಂದ "ಕ್ಯಾಶ್ ಇನ್ ಟ್ರ್ಯಾಶ್ ಔಟ್" ಅಂತ ಒಂದು ಅಭಿಯಾನ ನಡೀತಾ ಇದೆ. ಹೋಗುವ ದಾರಿಯ ಕಸ ಹೆಕ್ಕಿ ಚೀಲದಲ್ಲಿ ತರುವುದು. ಬಹಳ ಒಳ್ಳೇ ಕೆಲಸ. ಆದರೆ ದಾರಿಯ ಕಸ ಹೆಕ್ಕುವವರೇ ಡಬ್ಬಿಯೊಳಗಿನ ಕಸದ ಮುಂದೆ ಕೈಕಟ್ಟಿ ನಿಲ್ಲುವುದು ಯಾವ ನ್ಯಾಯ?

ತೆಗೆಯುವುದು ಅರ್ಧ ಕೆಲಸ. ಇನ್ನರ್ಧ, ಏನು ಇಡಬೇಕು ಅನ್ನುವುದು. ಬೆಲೆಯ ಲೆಕ್ಕ ಬಿಡಿ ಅಂತ ನನ್ನ ಸಲಹೆ. ಬೆಲೆ ಲೆಕ್ಕ ಹಾಕಿದವರೇ ಡಬ್ಬಿಯನ್ನು 7 ಸೆಂಟಿಗೆ ಇಳಿಸಿದ್ದು! ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಮುಂದೆ ಡಬ್ಬಿ ತೆಗೆಯುವ ಮಗು ಇದನ್ನು ಎತ್ತಿಕೊಳ್ಳುತ್ತಾ? ಆರು ತಿಂಗಳು ಮಳೆ, ಬಿಸಿಲು, ಮಂಜು ತಡೆಯುತ್ತಾ? ನನಗೇ ಇದು ಸಿಕ್ಕಿದ್ದರೆ ಖುಷಿ ಆಗ್ತಿತ್ತಾ?

ಗೋಲಿ ಪಾಸಾಗುತ್ತೆ. ಪುಟ್ಟ ರಬ್ಬರ್ ಡೈನೋಸಾರ್, ದಾಳ, ಸೀಟಿ, ಪುಟ್ಟ ದಿಕ್ಸೂಚಿ, ಹೊಸ ಕೀಚೈನ್ ಎಲ್ಲ ಪಾಸ್. ಸೋಪಿನ ಗುಳ್ಳೆ ಬಿಡುವ ಬಾಟಲಿ ಫೇಲ್, ಸೋರುತ್ತೆ. ಮೇಣದಬತ್ತಿ, ಕ್ರೇಯಾನ್ ಬೇಸಿಗೆಯಲ್ಲಿ ಕರಗುತ್ತೆ. ಬ್ಯಾಟರಿ ಹಾಕಿದ ಆಟಿಕೆ ಸೋರಿ ಹಾಳಾಗುತ್ತೆ. ದಯವಿಟ್ಟು ಊದುಬತ್ತಿ ಬೇಡ, ಎಷ್ಟೇ ಭಕ್ತಿ ಇದ್ದರೂ :-) ಇಡೀ ಡಬ್ಬಿ ಘಮ್ಮಂತ ಆಗಿ ಕಾಡಿನ ಪ್ರಾಣಿಗಳನ್ನೆಲ್ಲ ಕರೆಯುತ್ತೆ.

ನಾನು ಇಡುವುದು ನಮ್ಮ ದೇಶದ ನಾಣ್ಯ. ಊರಿಗೆ ಹೋದಾಗ ಕಿರಾಣಿ ಅಂಗಡಿಯಲ್ಲಿ ಕೇಳಿ ಹೊಸ ಚಿಲ್ಲರೆ ತಂದಿಟ್ಟುಕೊಂಡಿದ್ದೇನೆ. ಇಪ್ಪತ್ತು ರೂಪಾಯಿ ನಾಣ್ಯಕ್ಕೆ ಹನ್ನೆರಡು ಅಂಚು, ಎರಡು ಬಣ್ಣದ ಲೋಹ. ಬೆಲೆ ಕಟ್ಟಿದರೆ ಕಾಲು ಡಾಲರಿನ ಆಸುಪಾಸು, ಆದರೆ ಇಲ್ಲಿಯ ಮಗುವಿಗೆ ಅದು ನಿಜವಾದ ನಿಧಿ. ಮಳೆ ಬಂದರೆ ಒರೆಸಿದರಾಯ್ತು. ಕೆಲವೊಮ್ಮೆ ಚನ್ನಪಟ್ಟಣದ ಪುಟ್ಟ ಬುಗುರಿಯನ್ನೂ ಇಡುವುದುಂಟು. ಅರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಒಳಗಿರುವುದು ಮರ, ಹಾಗಾಗಿ ಜಿಪ್‌ಲಾಕ್ ಚೀಲದಲ್ಲಿ ಹಾಕಿ, ರಬ್ಬರ್ ಪಟ್ಟಿಯ ಮುಚ್ಚಳ ಇರುವ ಮಿಲಿಟರಿ ಗುಂಡಿನ ಡಬ್ಬಿಗಳಿಗೆ ಮಾತ್ರ. ಸೋರುವ ಡಬ್ಬಿಗೆ ಅಂಥದ್ದನ್ನು ಕೊಡಲು ಮನಸ್ಸು ಬರುವುದಿಲ್ಲ.

"ನಾವು ಏನೂ ತಗೊಳ್ಳಲ್ಲ, ಏನೂ ಇಡಲ್ಲ, ಸಹಿ ಹಾಕಿ ಬರ್ತೀವಿ" ಅನ್ನುವವರಿಗೂ ಒಂದು ಮಾತು. ಅದು ನಿಮ್ಮ ಇಷ್ಟ, ತಪ್ಪೇನಿಲ್ಲ. ಆದರೆ ಏನೂ ಇಡದೆಯೂ ಒಂದು ಒದ್ದೆ ಕೂಪನ್ ಜೇಬಿಗೆ ಹಾಕಿಕೊಳ್ಳಬಹುದು. ಸಮ ಬೆಲೆಯ ನಿಯಮದ ಪ್ರಕಾರ ನೋಡಿದರೂ ಕಸ ತೆಗೆದವರು ಡಬ್ಬಿಯ ಬೆಲೆ ಏರಿಸಿದ ಹಾಗೇ ಅಲ್ವಾ?

ಮುಂದಿನ ಸಲ ಹೊರಡುವಾಗ ಬ್ಯಾಗಿನಲ್ಲಿ ಮೂರು ಇಟ್ಟುಕೊಳ್ಳಿ: ಒಂದು ಖಾಲಿ ಪ್ಲಾಸ್ಟಿಕ್ ಚೀಲ, ಒಂದು ಒಣ ಬಟ್ಟೆ, ನಾಲ್ಕು ಒಳ್ಳೇ ಸಾಮಾನು. ತೆಗೆಯಿರಿ, ಒರೆಸಿ, ಇಡಿ. ಹೆಚ್ಚೆಂದರೆ ಐದು ನಿಮಿಷದ ಕೆಲಸ.

ನೀವೇನಂತೀರಿ?