ಹೋದವರೂ ಹೊರಡದವರೂ

ನಮ್ಮ ನಾಡಿನ ಮೇಧಾವಿ ತರುಣರು ಸಂಶೋಧನೆಗಾಗಿ ಪರದೇಶಕ್ಕೆ ತೆರಳಿ ಅಲ್ಲಿಯೇ ನೆಲೆಸುವುದನ್ನು ಕುರಿತು ಆಗಾಗ ವಾದವೇಳುವುದುಂಟು. ನಾವು ಉಣಿಸಿ ಬೆಳೆಸಿದ ಬುದ್ಧಿ ಪರರ ಪಾಲಾಯಿತೆಂದು ಕೆಲವರು ಹಲುಬುವರು. ವಿಜ್ಞಾನಕ್ಕೆ ಗಡಿಯಿಲ್ಲವೆಂದು ಮತ್ತೆ ಕೆಲವರು ಸಮಾಧಾನ ಹೇಳುವರು. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಎರಡು ಪಕ್ಷದವರೂ ಹೋದವರನ್ನು ಮಾತ್ರ ಎಣಿಸುತ್ತಾರೆ. ಹೊರಡಲೇ ಆಗದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ದೃಷ್ಟಿಯಲ್ಲಿ ದೊಡ್ಡ ನಷ್ಟವಿರುವುದು ಅಲ್ಲಿಯೇ.

ಮೊದಲು ಹೋದವರ ವಿಚಾರ. ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿಯವರು ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದವರು. ದಿಲ್ಲಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕೆಗೆ ತೆರಳಿದ ಅವರು 1982ರಲ್ಲಿ, ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗಲೇ, ಡೊನಾಲ್ಡ್ ಬ್ಯಾಕರ್ ಮೊದಲಾದವರೊಡನೆ ಒಂದು ವಿಚಿತ್ರ ನಕ್ಷತ್ರವನ್ನು ಪತ್ತೆಮಾಡಿದರು. ಅದು ಸೆಕೆಂಡಿಗೆ ಸುಮಾರು 642 ಸಲ ತನ್ನ ಸುತ್ತ ತಾನೇ ತಿರುಗುತ್ತದೆ! ಇಂತಹ ನಕ್ಷತ್ರಗಳಲ್ಲಿ ಸೂರ್ಯನದಕ್ಕಿಂತ ಹೆಚ್ಚಿನ ದ್ರವ್ಯವು ಸುಮಾರು 20 ಕಿಲೋಮೀಟರ್ ವ್ಯಾಸದ ಗೋಲದಲ್ಲಿ ಅಡಕವಾಗಿರುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಆ ಶೋಧಕ್ಕೆ ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿದ್ದ, 305 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕ ಬೇಕಾಯಿತು. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ದೊರೆಯಿತು. ಊರಿನಲ್ಲಿಯೇ ಉಳಿದಿದ್ದರೆ ಆ ಶೋಧ ಅವರಿಂದ ಆಗುತ್ತಿತ್ತೆಂದು ಹೇಳಲು ನಮಗೆ ಧೈರ್ಯವಿಲ್ಲ. ಇಂತಹವರನ್ನು ದೂರುವುದು ನ್ಯಾಯವಲ್ಲ.

ಹೋಗಿ ಮರಳಿದವರೂ ಉಂಟು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಪದವಿ ಪಡೆದು ಬಂದು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿದರು. ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರು ಅಮೆರಿಕೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿ 1966ರಲ್ಲಿ ಮರಳಿದರು. 1975ರಲ್ಲಿ ಅವರ ನೇತೃತ್ವದಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹ ಗಗನಕ್ಕೇರಿತು.

ಮರಳುವುದು ಎಲ್ಲರಿಗೂ ಸುಲಭವಲ್ಲ. 2014ರಿಂದ ಅಂತರ್ಯುದ್ಧದಲ್ಲಿ ಬೆಂದ ಯೆಮನ್ ದೇಶದ ವಿದ್ವಾಂಸರಿಗೆ ತಾಯ್ನಾಡಿನ ದಾರಿಯೇ ದುರ್ಗಮವಾಯಿತು. ಯುದ್ಧವಿಲ್ಲದಲ್ಲಿಯೂ ಏಕಾಂಗಿತನವೆಂಬ ಇನ್ನೊಂದು ಅಡ್ಡಿಯುಂಟು. ಭೌತವಿಜ್ಞಾನಿ ಅಬ್ದುಸ್ ಸಲಾಮರು 1951ರಲ್ಲಿ ಕೇಂಬ್ರಿಜ್ಜಿನಿಂದ ಲಾಹೋರಿಗೆ ಮರಳಿ ಪ್ರಾಧ್ಯಾಪಕರಾದರು. ಆದರೆ ತಮ್ಮ ವಿಷಯವನ್ನು ಚರ್ಚಿಸಲು ಅಲ್ಲಿ ಜೊತೆಗಾರರಿರಲಿಲ್ಲ. 1954ರಲ್ಲಿ ಅವರು ಮತ್ತೆ ಇಂಗ್ಲೆಂಡಿಗೆ ಹೋಗಬೇಕಾಯಿತು. ಆ ನೋವನ್ನು ಅವರು ಮರೆಯಲಿಲ್ಲ. 1964ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಅವರು ಸ್ಥಾಪಿಸಿದ ಕೇಂದ್ರಕ್ಕೆ ಬಡ ದೇಶಗಳ ವಿಜ್ಞಾನಿಗಳು ಬಂದು, ಕೆಲವು ವಾರ ಸಂಶೋಧನೆ ನಡೆಸಿ, ಹೊಸ ಬಲದೊಡನೆ ತಮ್ಮ ನಾಡಿಗೆ ಮರಳುವ ಏರ್ಪಾಡಾಯಿತು.

ಲಾಹೋರಿನಲ್ಲಿ ಸಲಾಮರನ್ನು ಕಾಡಿದ ಏಕಾಂಗಿತನವೇ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಯ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರನ್ನೂ ಕಾಡುತ್ತದೆ. ಅದರ ಫಲವನ್ನು ನಾವು ಕಾಲೇಜಿನಲ್ಲಿ ಕಾಣುತ್ತೇವೆ. ಚುರುಕು ಬುದ್ಧಿಯ ಹುಡುಗ ಹುಡುಗಿಯರು ಬರುತ್ತಾರೆ. ಆದರೆ ವರ್ನಿಯರ್ ಕ್ಯಾಲಿಪರ್ಸನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡವರು ಅವರಲ್ಲಿ ಹಲವರು. ಉಪಕರಣಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ ಶಾಲೆಯೊಂದನ್ನೂ ನಾವು ಕಂಡಿದ್ದೇವೆ. ಒಡೆದೀತೆಂಬ ಭಯದಿಂದ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಆ ಕಪಾಟಿನ ಮುಂದೆ ಕುಳಿತು ಪಾಠ ಉರು ಹೊಡೆದ ಮಕ್ಕಳಲ್ಲಿ ಒಬ್ಬ ಸಂಶೋಧಕನಿದ್ದಿರಬಹುದು. ಅವನು ಯಾವ ದೇಶಕ್ಕೂ ಹೋಗಲಿಲ್ಲ. ಆದರೂ ವಿಜ್ಞಾನಕ್ಕೆ ಅವನು ಎರವಾದನು.

ಆದುದರಿಂದ ನಮ್ಮ ಸೂಚನೆ ಇಷ್ಟು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 2016ರಿಂದ ಐ.ಐ.ಟಿ.ಯೂ ಇದೆ. ಹಳ್ಳಿಯ ಶಿಕ್ಷಕರು ಬೇಸಿಗೆಯ ರಜೆಯಲ್ಲಿ ಕೆಲವು ವಾರ ಅಲ್ಲಿಯ ಪ್ರಯೋಗಾಲಯಗಳಲ್ಲಿ ದುಡಿದು ಮರಳುವಂತಾಗಲಿ. ಪರದೇಶದಿಂದ ರಜೆಗೆ ಬರುವ ವಿದ್ವಾಂಸರು ನಗರದ ಸಭೆಯಲ್ಲಿ ಶಾಲು ಹೊದೆಯುವುದರೊಡನೆ ಒಂದು ದಿನ ಹಳ್ಳಿಯ ಶಾಲೆಯಲ್ಲಿ ಕಳೆಯಲಿ. ಕಪಾಟಿನ ಕೀಲಿ ತೆಗೆಯಲು ಸರಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ವಿದ್ಯಾರ್ಥಿಮಿತ್ರರೇ, ನೀವೂ ಕಾಯಬೇಡಿರಿ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟು, ಅದು ಇಪ್ಪತ್ತು ಸಲ ಹೋಗಿಬರುವ ಕಾಲವನ್ನು ಅಳೆಯಿರಿ. ಸುಮಾರು 40 ಸೆಕೆಂಡು ಬರುವುದು. ಅದನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದು ಆಂದೋಲನದ ಕಾಲ. ದಾರದ ಉದ್ದವನ್ನು 39.5ರಿಂದ ಗುಣಿಸಿ ಆ ಕಾಲದ ವರ್ಗದಿಂದ ಭಾಗಿಸಿದರೆ ಭೂಮಿಯ ಗುರುತ್ವದ ವೇಗೋತ್ಕರ್ಷ ನಿಮ್ಮ ಕೈಗೆ ಸಿಕ್ಕಿತು. ನಿಮ್ಮ ಹೊಲದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದನ್ನು ನೋಡಿದ್ದೀರಿ. ಅದರ ಜೇಡಿಯ ಪದರಗಳ ನಡುವೆ ನೀರು ಸೇರುವುದೂ ಹೊರಡುವುದೂ ಇದಕ್ಕೆ ಕಾರಣ. ಆ ಬಿರುಕಿನ ಅಗಲವನ್ನು ವಾರಕ್ಕೊಮ್ಮೆ ಅಳೆದು ಬರೆದಿಡಿರಿ. ನಕ್ಷತ್ರದ ಮಿಡಿತವನ್ನು ಗುರುತಿಸಿದವರು ಮಾಡಿದ್ದೂ ಮೂಲದಲ್ಲಿ ಇದೇ ಕೆಲಸ: ತಾಳ್ಮೆಯಿಂದ ಎಣಿಸುವುದು, ಪ್ರಾಮಾಣಿಕವಾಗಿ ಅಳೆಯುವುದು.

ಮುಂದೆ ನಿಮ್ಮಲ್ಲಿ ಕೆಲವರು ಕಡಲು ದಾಟಬಹುದು, ಕೆಲವರು ಇಲ್ಲಿಯೇ ಉಳಿಯಬಹುದು. ಹೋಗುವವರು ಸಂತೋಷದಿಂದ ಹೋಗಲಿ. ಆದರೆ ಹೋಗುವುದೋ ಇರುವುದೋ ಎಂದು ಆಲೋಚಿಸುವ ಯೋಗ್ಯತೆಯಾದರೂ ಹಳ್ಳಿಯ ಪ್ರತಿಯೊಬ್ಬ ಮಗುವಿಗೂ ದೊರೆಯಲಿ.