ಸೋರುವ ಸೈಲೆನ್ಸರ್‌ಗೆ ಮೊದಲು ರಿಪೇರಿ, ಆಮೇಲೆ ದಂಡ

ಯೆಜ್ಡಿ ರೋಡ್‌ಕಿಂಗ್‌ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಅದನ್ನು ತಯಾರಿಸಿದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರ ಹೊತ್ತಿಗೆ ಜಾವಾ ಬೈಕುಗಳನ್ನು ಹೊರತರತೊಡಗಿತು. 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ 250 ಸಿಸಿ ಬೈಕುಗಳಲ್ಲಿ ಬಹುಪಾಲು ಈ ಜೋಡಿ ಕೊಳವೆಯವೇ. ನೋಡಲು ಭರ್ಜರಿ, ಸದ್ದು ಇನ್ನೂ ಭರ್ಜರಿ. ಆದರೆ ಬೈಕಿಗೆ ವಯಸ್ಸಾಗುತ್ತಿದ್ದಂತೆ ಹೊಗೆ ಸೋರುವ ಜಾಗಗಳೂ ಎರಡು ಪಟ್ಟಾಗುತ್ತವೆ.

ಹೊಗೆ ಸೋರಿಕೆ ದೊಡ್ಡ ಕಾಯಿಲೆಯೇನಲ್ಲ. ಹೀರೊ ಹೋಂಡಾ ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಎಂಜಿನ್ ಹೆಡ್ಡಿಗೂ ಬೆಂಡ್ ಪೈಪಿಗೂ ನಡುವೆ ಕೂರುವ ಗ್ಯಾಸ್ಕೆಟ್ ರಿಂಗ್, ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಅಗ್ಗ. ಹೀಗಿದ್ದೂ ಹಳೆಯ ಬೈಕು ಫಟ್ ಫಟ್ ಎನ್ನತೊಡಗಿದರೆ ಆ ರಿಂಗ್ ನೆನಪಾಗುವುದು ಕಡಿಮೆ. ‘ಓಡ್ತಾ ಇದೆಯಲ್ಲ, ಬಿಡಿ’ ಎನ್ನುತ್ತಾರೆ ಮಾಲೀಕರು. ‘ಸೈಲೆನ್ಸರ್ ಹೊಸದು ಹಾಕಿಬಿಡಿ ಸಾರ್’ ಎನ್ನುತ್ತಾರೆ ಮೆಕ್ಯಾನಿಕ್. ಸಂಚಾರ ಪೊಲೀಸರು ರಸೀದಿ ಪುಸ್ತಕ ತೆಗೆಯುತ್ತಾರೆ. ಎಮಿಷನ್ ಟೆಸ್ಟ್ ಕೇಂದ್ರದವರಂತೂ ಏನೂ ಹೇಳದೆ ಪಾಸ್ ಮಾಡಿ ಕಳಿಸುತ್ತಾರೆ. ಈ ನಾಲ್ವರಲ್ಲಿ ಹೆಚ್ಚು ತಕರಾರು ಎತ್ತಬೇಕಾದ್ದು ಕೊನೆಯವರ ಮೇಲೆ.

ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಮೂರು ಕಡೆ. ಹೆಡ್ಡಿನ ಬಳಿಯ ಗ್ಯಾಸ್ಕೆಟ್ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಬೆಂಡ್ ಪೈಪ್ ಸೈಲೆನ್ಸರಿನೊಳಗೆ ಸೇರುವ ಕಡೆ ಕ್ಲ್ಯಾಂಪ್ ಸಡಿಲಗೊಳ್ಳುತ್ತದೆ. ಮೂರನೆಯದು ಸೈಲೆನ್ಸರಿನ ಹೊಟ್ಟೆ, ತುಕ್ಕು ತಿಂದು ತೂತು ಬೀಳುವ ಜಾಗ. ಈ ತುಕ್ಕು ಮಳೆನೀರಿನಿಂದಲೇ ಬರುವುದು ಎಂದುಕೊಂಡವರು ಬಹಳ. ಕರಾವಳಿಯ ಉಪ್ಪುಗಾಳಿಯೂ ಮಳೆಯೂ ಹೊರಗಿನಿಂದ ತಿನ್ನುವುದು ನಿಜ. ಒಳಗಿನಿಂದ ತಿನ್ನುವುದು ಪೆಟ್ರೋಲೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೊರಬೀಳುತ್ತದೆ. ಮನೆಯಿಂದ ಹಾಲಿನ ಬೂತ್‌ವರೆಗೆ ಓಡಿಸಿ ನಿಲ್ಲಿಸುವ ಬೈಕಿನಲ್ಲಿ ತಣ್ಣಗಿನ ಸೈಲೆನ್ಸರಿನ ತಳದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಜೋಪಾನವಾಗಿ, ಕಡಿಮೆ ಓಡಿಸಿದ ಬೈಕಿನ ಸೈಲೆನ್ಸರೇ ಮೊದಲು ತೂತಾಗುವುದುಂಟು.

ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ಎಂಜಿನ್ ತಣ್ಣಗಿರುವಾಗ ಬಯಲಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆಯನ್ನು ದಪ್ಪಗೆ ಮಡಚಿ ಸೈಲೆನ್ಸರಿನ ಬಾಯಿಗೆ ಕ್ಷಣಕಾಲ ಒತ್ತಿದರೆ ಸೋರುವ ಜಾಗ ಬುಸ್ ಎಂದು ತಾನೇ ಹೇಳುತ್ತದೆ. ಎಲ್ಲೂ ಸೋರದಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಯೆಜ್ಡಿಯಾದರೆ ಎರಡು ಬಾಯಿ ಮುಚ್ಚಬೇಕು, ಜೊತೆಗೊಬ್ಬರು ಬೇಕು. ಮುಚ್ಚಿದ ಶೆಡ್ಡಿನಲ್ಲಿ ಈ ಪ್ರಯೋಗ ಸಲ್ಲದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿನಲ್ಲಿ ಎಷ್ಟೋ ಸಲ ಇಷ್ಟೂ ಬೇಕಾಗುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಜಾಯಿಂಟಿನಿಂದ ಕಪ್ಪಗೆ ಒಸರಿ ಗುರುತು ಬಿಟ್ಟಿರುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ, ವಿಶೇಷವಾಗಿ ಹೆಡ್ಡಿನೊಳಕ್ಕೆ ಪೈಪನ್ನು ಸುಮ್ಮನೆ ತುರುಕಿ ಕೂರಿಸುವ ಹಳೆಯ ಬುಲೆಟ್‌ಗಳಲ್ಲಿ, ಆಕ್ಸಿಲರೇಟರ್ ಬಿಟ್ಟೊಡನೆ ಪಟಾಕಿಯಂತೆ ಸಿಡಿಯುವ ಸದ್ದು ಬರುತ್ತದೆ. ಸಂದಿನಿಂದ ಒಳನುಗ್ಗಿದ ಹೊಸ ಗಾಳಿ, ಉರಿಯದೆ ಬಂದ ಪೆಟ್ರೋಲಿಗೆ ಪೈಪಿನಲ್ಲೇ ಬೆಂಕಿ ಹಚ್ಚುವುದರ ಸದ್ದು ಅದು. ಇದನ್ನೇ ‘ಬುಲೆಟ್ ಬೀಟ್’ ಎಂದು ಬೀಗುವವರೂ ಇದ್ದಾರೆ!

ಸೈಲೆನ್ಸರ್ ಎಂದರೆ ಸದ್ದಡಗಿಸುವ ಡಬ್ಬಿ, ಸೋರಿದರೆ ಸದ್ದಷ್ಟೇ ಹೆಚ್ಚು ಎಂಬ ನಂಬಿಕೆ ಟೂ ಸ್ಟ್ರೋಕ್ ವಿಚಾರದಲ್ಲಿ ಪೂರ್ತಿ ತಪ್ಪು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿದ್ದ ಎಂಜಿನಿಯರ್ ವಾಲ್ಟರ್ ಕಾಡೆನ್, ಹೊಗೆಯ ಕೊಳವೆಯ ಆಕಾರವನ್ನೇ ತಿದ್ದಿ ರೇಸಿಂಗ್ ಎಂಜಿನ್‌ಗಳ ಶಕ್ತಿಯನ್ನು ಏರಿಸಿದರು. ಕೊಳವೆಯ ತುದಿಯಿಂದ ಹಿಂತಿರುಗುವ ಒತ್ತಡದ ಅಲೆ, ತಪ್ಪಿಸಿಕೊಂಡು ಹೊರಟ ಹೊಸ ಪೆಟ್ರೋಲ್–ಗಾಳಿಯನ್ನು ಮತ್ತೆ ಸಿಲಿಂಡರಿಗೆ ನೂಕುವಂತೆ ಮಾಡುವುದು ಇದರ ಗುಟ್ಟು. 1961ರಲ್ಲಿ ಅದೇ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ, ಆ ಗುಟ್ಟಿನೊಂದಿಗೆ ಸುಜುಕಿ ಸೇರಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ ತಂದುಕೊಟ್ಟರು. ಕೊಳವೆಯ ವಿದ್ಯೆಗೆ ಅಷ್ಟು ಬೆಲೆಯಿತ್ತು. ನಮ್ಮ ಹುಡುಗರು ಇಂದಿಗೂ ಮೋಹಿಸುವ ಯಮಾಹಾ ಆರ್‌ಎಕ್ಸ್ 100ರ ಓಟದಲ್ಲೂ ಸೈಲೆನ್ಸರಿನ ಪಾಲಿದೆ. ಗ್ಯಾಸ್ಕೆಟ್ ಹೋದ ಆರ್‌ಎಕ್ಸ್ ಮೊದಲು ಕಳೆದುಕೊಳ್ಳುವುದು ಎಳೆತವನ್ನೇ.

ಇನ್ನು ಎಮಿಷನ್ ಟೆಸ್ಟ್. 2000ದ ಮಾರ್ಚ್ 31ಕ್ಕೆ ಮುಂಚಿನ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5 ಮೀರಬಾರದು, ಹೈಡ್ರೊಕಾರ್ಬನ್ 9000 ಪಿಪಿಎಂ ದಾಟಬಾರದು ಎಂಬುದು ನಿಯಮ. ಎರಡೂ ಅಳತೆ ಪ್ರಮಾಣದ್ದು. ನೂರು ಪಾಲು ಹೊಗೆಯಲ್ಲಿ ವಿಷ ಎಷ್ಟು ಪಾಲು ಎಂಬ ಲೆಕ್ಕ. ಒಂಟಿ ಸಿಲಿಂಡರಿನ ಎಂಜಿನ್‌ನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಮಿಡಿಯುತ್ತದೆ. ಒಂದು ಮಿಡಿತಕ್ಕೆ ಸಂದಿನಿಂದ ಹೊಗೆ ಹೊರಗೆ, ಮರುಕ್ಷಣ ಅದೇ ಸಂದಿನಿಂದ ಗಾಳಿ ಒಳಗೆ. ಹಾಗೆ ಒಳಹೊಕ್ಕ ಗಾಳಿ ಹೊಗೆಯೊಂದಿಗೆ ಬೆರೆತು ಸೈಲೆನ್ಸರಿನ ತುದಿಯಲ್ಲಿ ಅಂಕಿಯನ್ನು ಇಳಿಸುತ್ತದೆ. ಜಾಯಿಂಟ್ ಸರಿಯಿದ್ದು ಕಾರ್ಬುರೇಟರ್ ತುಸು ಕೆಟ್ಟ ಬೈಕು ಫೇಲಾದರೆ, ಎರಡೂ ಕೆಟ್ಟ ಬೈಕು ಪಾಸಾಗಿಬಿಡಬಹುದು. ಹೊಗೆಯಲ್ಲಿನ ಆಮ್ಲಜನಕದ ಅಂಶ ನೋಡಿದರೆ ಈ ಕಣ್ಣುಕಟ್ಟು ಬಯಲಾದೀತು, ಆದರೆ ಹಳೆಯ ಬೈಕಿಗೆ ಅದರ ಮಿತಿಯೇ ಇಲ್ಲ. ಕೇಂದ್ರದ ಹುಡುಗ ನಂಬರ್ ಪ್ಲೇಟಿನ ಫೋಟೊ ಹೊಡೆದು, ನಳಿಗೆ ತೂರಿಸಿ, ಚೀಟಿ ಹರಿದು ಕೊಡುತ್ತಾನೆ. ಬಗ್ಗಿ ಜಾಯಿಂಟ್ ನೋಡುವವರು ಅಪರೂಪ.

ಇದೇ ಬೈಕು ಮುಂದಿನ ಸರ್ಕಲ್ಲಿನಲ್ಲಿ ಅಪರಾಧಿಯಾಗುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ, ಹೊಗೆಯ ಮಾನದಂಡ ಮೀರಿದ ವಾಹನ ಓಡಿಸಿದರೆ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಮೂರು ತಿಂಗಳು ಅಮಾನತು ಬೇರೆ. ಒಳಗಿನ ಸದ್ದಡಗಿಸುವ ಬ್ಯಾಫಲ್ ಕಿತ್ತೆಸೆದು, ಕರ್ಕಶ ಪೈಪ್ ಸಿಕ್ಕಿಸಿ, ನಡುರಾತ್ರಿ ಆಸ್ಪತ್ರೆ ಮುಂದೆ ಮೊರೆಯುವವರಿಗೆ ಈ ಶಿಕ್ಷೆ ತಕ್ಕದ್ದೇ. ಅಂಥ ಪೈಪುಗಳನ್ನು ಪೊಲೀಸರು ರೋಡ್ ರೋಲರ್ ಕೆಳಗೆ ಹಾಕಿಸಿದಾಗ ಬೀದಿಯವರು ಚಪ್ಪಾಳೆ ತಟ್ಟಿದರೆ ತಪ್ಪೇನು? ಆದರೆ ತುಕ್ಕು ಹಿಡಿದು ತೂತಾದ ಕಂಪನಿ ಸೈಲೆನ್ಸರಿಗೂ ಬೇಕೆಂದೇ ಕತ್ತರಿಸಿದ ಪೈಪಿಗೂ ಒಂದೇ ತಕ್ಕಡಿ ಸರಿಯಲ್ಲ. ಗುರುತಿಸುವುದು ಕಷ್ಟವೂ ಅಲ್ಲ. ತುಕ್ಕಿನ ತೂತಿನ ಅಂಚು ಹರಕುಮುರುಕು, ಗರಗಸದ ಅಂಚು ನೇರ.

ರಿಪೇರಿಯಲ್ಲಿ ತಾಳ್ಮೆಯೇ ಅರ್ಧ ಕೆಲಸ. ಸ್ಪ್ಲೆಂಡರ್‌ನಂಥ ಬೈಕಿನ ಎರಡು ಸ್ಟಡ್‌ಗಳು ಕಿರುಬೆರಳಿಗಿಂತ ಸಣ್ಣವು, ವರ್ಷಗಟ್ಟಲೆ ಬೆಂದು ಕಚ್ಚಿಕೊಂಡಿರುತ್ತವೆ. 10 ನಂಬರ್ ಸ್ಪ್ಯಾನರ್ ಹಾಕಿ ಅವಸರದಲ್ಲಿ ತಿರುಗಿಸಿದರೆ ಸ್ಟಡ್ ಮುರಿದು ಹೆಡ್ಡಿನಲ್ಲೇ ಉಳಿಯುತ್ತದೆ, ಮಸಾಲೆ ದೋಸೆಯ ಖರ್ಚು ಲೇತ್ ಅಂಗಡಿಯ ಬಿಲ್ಲಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ನಟ್ಟನ್ನು ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ಆಡಿಸುವುದು ಬಲ್ಲವರ ಪದ್ಧತಿ. ಯೆಜ್ಡಿ, ಜಾವಾಗಳ ಪೈಪನ್ನು ಹಿಡಿದಿರುವುದು ಬ್ಯಾರೆಲ್ಲಿಗೆ ತಿರುಗುವ ದೊಡ್ಡ ಬಳೆಯಂಥ ನಟ್. ಅದಕ್ಕೆ ಕೊಕ್ಕೆ ಸ್ಪ್ಯಾನರೇ ಬೇಕು. ಉಳಿ–ಸುತ್ತಿಗೆ ಹಿಡಿದವರು ಅದರ ಹಲ್ಲು ಮುರಿದಿರುವ ಬೈಕುಗಳು ಬೇಕಾದಷ್ಟಿವೆ. ತಾಮ್ರದ ರಿಂಗ್ ಇದ್ದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಸಾಕು. ಕಬ್ಬಿಣದಂತೆ ಗಡುಸಾಗದೆ ಮೆತ್ತಗಾಗಿ ಮತ್ತೆ ಬಳಕೆಗೆ ಬರುತ್ತದೆ.

ಎಪಾಕ್ಸಿ ಅಂಟು ಮೆತ್ತುವುದು ಕೆಲಸವಲ್ಲ, ಹೆಡ್ಡಿನ ಬಳಿಯ ಕಾವಿಗೆ ಅದು ಉದುರಿಹೋಗುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಸುತ್ತುತ್ತಿದ್ದ ಆಸ್ಬೆಸ್ಟಾಸ್ ದಾರವೂ ಬೇಡ. ಕಲ್ನಾರು ಯಾವ ಬಗೆಯದಾದರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೆಳು ತಗಡಿನ ತೂತಿಗೆ ಗ್ಯಾಸ್ ವೆಲ್ಡಿಂಗ್ ಒಳ್ಳೆಯದು. ಆರ್ಕ್ ಹಿಡಿದರೆ ತೂತು ದೊಡ್ಡದಾಗುವ ಭಯ. ಟೂ ಸ್ಟ್ರೋಕ್ ಸೈಲೆನ್ಸರಾದರೆ ಮೊದಲು ಬ್ಯಾಫಲ್ ಹೊರಗೆಳೆದು ಎಣ್ಣೆ ಮೆತ್ತಿದ ಕಾರ್ಬನ್ ತೆಗೆಯದಿದ್ದರೆ ಒಳಗೇ ಬೆಂಕಿ ಹತ್ತಿಕೊಳ್ಳುತ್ತದೆ. ಕೂರಿಸುವಾಗ ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ, ಹೆಡ್ಡಿನ ಎರಡು ನಟ್ಟುಗಳನ್ನು ಅದಲುಬದಲಾಗಿ ಬಿಗಿದು, ಹಿಂದಿನ ಬ್ರಾಕೆಟ್ ಕೊನೆಗೆ ಬಿಗಿಯಬೇಕು. ಉಲ್ಟಾ ಮಾಡಿದರೆ ಪೈಪು ಸದಾ ಎಳೆತದಲ್ಲಿದ್ದು ಹೊಸ ಗ್ಯಾಸ್ಕೆಟ್ಟೂ ಬೇಗ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಹಳೆಯ ಅಸಲಿ ಸೈಲೆನ್ಸರ್ ಸಿಗುವುದುಂಟು. ಹಗುರ ತಗಡಿನ ಹೊಸ ನಕಲಿಗಿಂತ ಅದಕ್ಕೊಂದು ತೇಪೆ ಹಾಕಿಸಿಕೊಳ್ಳುವುದೇ ಲೇಸು.

ಟೂ ಸ್ಟ್ರೋಕ್‌ಗಳು ಗ್ಯಾಸ್ಕೆಟ್ ಹಾಕಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಂದಿಗೆ ಹೋಗುವುದು ಅವುಗಳ ಜಾಯಮಾನ. ಆದರೆ ಹದಿನೈದು ವರ್ಷ ದಾಟಿದ ಬೈಕಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಡುವುದು ಸರ್ಕಾರವೇ. 2022ರ ಏಪ್ರಿಲ್‌ನಲ್ಲಿ ಆ ಶುಲ್ಕವನ್ನು 300ರಿಂದ 1,000 ರೂಪಾಯಿಗೆ ಏರಿಸಿದ್ದೂ ಸರ್ಕಾರವೇ. ಹಣ ಪಡೆದು ಓಡಲು ಬಿಟ್ಟ ಮೇಲೆ ತಪಾಸಣೆಯೂ ಅರ್ಥಪೂರ್ಣವಾಗಿರಬೇಕಲ್ಲವೇ?

ನಳಿಗೆ ತೂರಿಸುವ ಮುನ್ನ ಒದ್ದೆ ಬಟ್ಟೆಯ ಪರೀಕ್ಷೆ ಕಡ್ಡಾಯವಾಗಲಿ. ಸೋರಿಕೆ ಕಂಡರೆ ಅಂಕಿ ಕೊಡದೆ, ಚೀಟಿಯಲ್ಲಿ ಜಾಗ ಗುರುತಿಸಿ, ಒಂದು ವಾರದ ಗಡುವು ಕೊಟ್ಟು ಕಳಿಸಲಿ. ರಸ್ತೆಯಲ್ಲಿ ಪೊಲೀಸರು ಹಿಡಿದಾಗಲೂ ಆ ಚೀಟಿಗೆ ಮಾನ್ಯತೆ ಇರಲಿ. ಗಡುವು ಮೀರಿದ ಮೇಲೆ ದಂಡ ಹಾಕಿದರೆ ಯಾರೂ ತಕರಾರು ಎತ್ತುವಂತಿಲ್ಲ.